ಹೀನೋಪಮೆಯ ಷಣ್ಮುಖಪ್ಪನವರು

ಸಾಸ್ವೆಹಳ್ಳಿಯ ಷಣ್ಮುಖಪ್ಪನವರಿಗೆ ಯಾವ ವಸ್ತುವನ್ನೂ ಅದರ ಪಾಡಿಗೆ ಅದನ್ನು ಬಿಟ್ಟು ನೋಡುವುದು ಗೊತ್ತಿರಲಿಲ್ಲ. ಹೊನ್ನಾಳಿಯ ಸಾಹುಕಾರರೊಬ್ಬರು ಹೊಸ ಮೋಟಾರು ತಂದು ಮನೆ ಮುಂದೆ ನಿಲ್ಲಿಸಿದಾಗ ಊರಿಗೆ ಊರೇ ಸುತ್ತುಗಟ್ಟಿ ಬೆರಗಾಗಿತ್ತು. ಇವರೊಬ್ಬರು ಮಾತ್ರ ಕತ್ತು ಓರೆ ಮಾಡಿ ನೋಡಿ, "ಹೆಂಗೈತೆ ಅಂದ್ರೆ, ಕೆರೆಯಿಂದ ಈಗ ಎದ್ದು ಬಂದ ಎಮ್ಮೆ ಹಂಗೈತೆ" ಎಂದು ತೀರ್ಪಿತ್ತು ಮುಂದೆ ನಡೆದರು. ಅಂದಿನಿಂದ ಸಾಹುಕಾರರ ಹೆಂಡತಿಯೇ "ಎಮ್ಮೆ ಬಂತೇನು ನೋಡ್ರಿ" ಎಂದು ಆಳುಗಳನ್ನು ಕೇಳುವಂತಾಯಿತು.

"ಹೆಂಗೈತೆ ಅಂದ್ರೆ" ಎನ್ನದೆ ಅವರ ಮಾತು ಹೊರಡುತ್ತಿರಲಿಲ್ಲ. ಚೈತ್ರದ ಬಿಸಿಲಿಗೂ ಮೈಮೇಲೊಂದು ಖಾಕಿ ಉಲನ್ ಕೋಟು. ಅಸ್ಸಾಮಿನ ನಿರಾಶ್ರಿತರ ಶಿಬಿರದಲ್ಲಿ ಕೊಟ್ಟದ್ದು, ಒಡೆಯನಿಗಿಂತ ಎರಡು ಅಳತೆ ದೊಡ್ಡದು. ಎತ್ತಿನ ಗಾಡಿಗಳು ಜೋಡಿಯಾಗಿ ಹೋಗುವಷ್ಟು ಅಗಲದ ರಸ್ತೆಯಲ್ಲೂ ಅವರು ಅಂಚು ಹಿಡಿದೇ ನಡೆಯುವರು. ಜೊತೆಗೆ ಬಂದವರು, ಅವರು ಪಟೇಲರೇ ಆಗಿರಲಿ, ಹಿಂದೆ ಸಾಲಾಗಿ ಬರಬೇಕು. ಪಕ್ಕಕ್ಕೆ ಬಂದರೆ ನಿಂತುಬಿಡುವರು. ಒಂದು ಕಡೆ ಬೆಟ್ಟ, ಒಂದು ಕಡೆ ಪ್ರಪಾತವಿದ್ದ ದಾರಿಯಲ್ಲಿ ಬರ್ಮಾದಿಂದ ನಡೆದು ಬಂದ ಕಾಲುಗಳಿಗೆ ಊರಿನ ರಸ್ತೆ ಅಗಲವೆಂಬ ನಂಬಿಕೆ ಇನ್ನೂ ಹುಟ್ಟಿರಲಿಲ್ಲ.

ರಂಗೂನಿನ ಅಕ್ಕಿ ಗಿರಣಿಯಲ್ಲಿ ಅವರು ಗುಮಾಸ್ತರಾಗಿದ್ದರು; ಅವರದೇ ಊರಿನ ಜಂಪಣ್ಣ ಅಲ್ಲಿ ಮೂಟೆ ಹೊರುತ್ತಿದ್ದ. ಯುದ್ಧದ ಬಾಂಬು ಬಿದ್ದು, ನಗರ ಕದಡಿ, ಹಡಗುಗಳಲ್ಲಿ ಬಡವರಿಗೆ ಜಾಗವಿಲ್ಲವೆಂದಾದಾಗ ಸಾವಿರಾರು ಜನರೊಡನೆ ಇವರಿಬ್ಬರೂ ಮಣಿಪುರದ ಗಡಿಯ ಕಡೆ ನಡೆದರು. ನಡೆಯುವ ಆಯಾಸ ಮರೆಯಲು ಜಂಪಣ್ಣ ಒಂದು ಆಟ ಹೂಡಿದ. ಕಂಡದ್ದನ್ನೆಲ್ಲ ಊರಿನ ಯಾವುದೋ ಒಂದಕ್ಕೆ ಹೋಲಿಸಬೇಕು. ಹೋಲಿಕೆ ತೋಚದವನು ಇಬ್ಬರ ಗಂಟನ್ನೂ ಹೊರಬೇಕು. ಷಣ್ಮುಖಪ್ಪನವರು ಓದಿದವರು; ಆದ್ದರಿಂದ ಗಂಟು ಬಹುಪಾಲು ಅವರ ಹೆಗಲ ಮೇಲೆಯೇ ಇರುತ್ತಿತ್ತು. ಗಡಿಯ ಬೆಟ್ಟಗಳಲ್ಲಿ ಜಂಪಣ್ಣನಿಗೆ ಜ್ವರ ಬಂತು. ಷಣ್ಮುಖಪ್ಪನವರು ಒಬ್ಬರೇ ಊರಿಗೆ ಬಂದರು.

ಬಂದ ದಿನ ಜಂಪಣ್ಣನ ತಾಯಿ ದುರುಗಮ್ಮನ ಬಾಗಿಲಲ್ಲಿ ನಿಂತು, "ಹೋಗಿಬಿಟ್ಟ ದೊಡ್ಡಮ್ಮ" ಎಂದಷ್ಟೇ ಹೇಳಿದ್ದರು. "ಕೊನೇಗೆ ಏನಂದ?" ಎಂದು ಆಕೆ ಕೇಳಿದಳು. ಮೋಟಾರಿಗೂ ಮೋಡಕ್ಕೂ ಮಾತು ಹೊಂದಿಸಬಲ್ಲ ಮನುಷ್ಯ ಅಲ್ಲಿ ಮೂಕರಾಗಿ ಹಿಂದಿರುಗಿದರು. ಆಮೇಲೆ ನಾಲ್ಕು ವರ್ಷ ಆ ಓಣಿಯನ್ನು ತಪ್ಪಿಸಿ ಸುತ್ತುದಾರಿಯಲ್ಲೇ ಓಡಾಡಿದರು. ಎದುರು ನಿಂತು ಹೇಳಲಾಗದ್ದನ್ನು ಪುಸ್ತಕದಲ್ಲಿ ಹೇಳುವೆನೆಂದು ಬರೆಯಲು ಕುಳಿತರು. ಆ ಕೃತಿ ಹುಟ್ಟಿದ್ದು ಒಬ್ಬಳೇ ಶ್ರೋತೃವಿಗಾಗಿ, ಅದೂ ಅಕ್ಷರ ಬಾರದವಳಿಗಾಗಿ.

ಆದರೆ ಬರೆಹ ಮುಗಿಯುವ ಹೊತ್ತಿಗೆ ಗ್ರಂಥಕರ್ತರಾಗುವ ಆಸೆಯೂ ಕೋಟಿನೊಳಗೆ ಹೊಕ್ಕಿತ್ತು. ಹಸ್ತಪ್ರತಿ ಹೊನ್ನಾಳಿಯ ನಾಗರಾಜಪ್ಪ ಪಂಡಿತರ ಬಳಿಗೆ ಹೋಯಿತು. ಪಂಡಿತರು ಸಜ್ಜನರು, ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಆ ವಾಕ್ಯದ ಅಲಂಕಾರ ಯಾವುದೆಂದು ನಿಶ್ಚಯಿಸಿಕೊಂಡೇ ಎದ್ದು ಓಡುವಂಥವರು.

"ಏನ್ರೀ ಷಣ್ಮುಖಪ್ಪನೋರೆ, ಬರ್ಮಾದ ಐರಾವತಿಯಂಥ ಮಹಾನದಿ 'ಸೂಳೆಕೆರೆಗೆ ಕಾಲು ಬಂದು ಎದ್ದು ಹೊಂಟಂಗಿತ್ತು' ಅಂತ ಬರೆದೀರಲ್ಲ! ಉಪಮಾನ ಉಪಮೇಯಕ್ಕಿಂತ ಕೀಳಾದ್ರೆ ಅದು ಹೀನೋಪಮೆ. ದೋಷ! ಕಾವ್ಯದೋಷ!"

ಪುಟಪುಟಕ್ಕೂ ದೋಷ ಸಿಕ್ಕಿತು; ಪಂಡಿತರು ತಿದ್ದುತ್ತ ಹೋದರು. ಬಾಂಬು ಬಿದ್ದ ಬೀದಿ ಸಂತೆ ಮುಗಿದ ನ್ಯಾಮತಿಯ ಹಾಗಿತ್ತು ಎಂಬಲ್ಲಿ ದಕ್ಷನ ಯಾಗಶಾಲೆ ಬಂತು. ವಿಮಾನಗಳು ತಲೆಯ ಮೇಲೆ ಬಂದು, ಜಗಳೂರಿನ ಮೇಲಿನ ಮೋಡದಂತೆ ಏನನ್ನೂ ಉದುರಿಸದೆ ಹೋದವು ಎಂಬಲ್ಲಿ ಗರುಡನ ಸಂತಾನ ರೆಕ್ಕೆ ಬಿಚ್ಚಿತು. ಜಂಪಣ್ಣ ಸಾಯುವ ಪುಟಕ್ಕೆ ಬಂದಾಗ ಪಂಡಿತರ ಕಣ್ಣು ನಿಜವಾಗಿಯೂ ತುಂಬಿತು; ಆ ಭಾವೋದ್ರೇಕದಲ್ಲಿ ಅವರು ಅವನ ಬಾಯಿಗೆ ಸ್ವರಚಿತವಾದ ಒಂದು ಸಂಸ್ಕೃತ ಶ್ಲೋಕವನ್ನೇ ಇಟ್ಟುಬಿಟ್ಟರು. ಮುನ್ನುಡಿ ಬರೆದುಕೊಡುವುದಾಗಿಯೂ ಹೇಳಿದರು. ಷಣ್ಮುಖಪ್ಪನವರು ಎಲ್ಲಕ್ಕೂ ತಲೆಯಾಡಿಸಿದರು.

ಒಂದು ಅಮಾವಾಸ್ಯೆಯ ಮಧ್ಯಾಹ್ನ, ಎತ್ತುಗಳಿಗೂ ಜನಕ್ಕೂ ಬಿಡುವಿದ್ದ ಹೊತ್ತಿನಲ್ಲಿ, ಸಾಸ್ವೆಹಳ್ಳಿಯ ಬಸವಣ್ಣನ ಗುಡಿಯ ಜಗಲಿಯಲ್ಲಿ ವಾಚನ ನಡೆಯಿತು. ಪುರಾಣದ ಪದ್ಧತಿಯಂತೆಯೇ ಷಣ್ಮುಖಪ್ಪನವರು ಓದುವುದು, ಪಂಡಿತರು ಅರ್ಥ ಹೇಳುವುದು. ದುರುಗಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ, ಕಂಬಕ್ಕೆ ಒರಗಿ ಕುಳಿತಿದ್ದಳು. ಗರುಡ ಬಂದ, ಸಾಗರ ಬಂತು, ತಾವರೆಗಳು ಅರಳಿ ಬಾಡಿದವು. ಜನ ಭಕ್ತಿಯಿಂದ ತೂಕಡಿಸಿದರು. ಶ್ಲೋಕ ಬಂದಿತು, ಪಂಡಿತರು ಕಂಠ ಎತ್ತರಿಸಿ ಅರ್ಥ ಹೇಳಿ ಮುಗಿಸಿದರು. ದುರುಗಮ್ಮ ಸೆರಗು ಕೊಡವಿ ಎದ್ದಳು.

"ಯಾಕವ್ವ, ಹೊಂಟೆ?" ಎಂದರು ಯಾರೋ.

"ಇನ್ನೇನು ಕೇಳೋದೈತೆ? ನನ್ನ ಮಗ ಎರಡನೇ ಇಯತ್ತೆಗೇ ಮೇಷ್ಟ್ರ ಕೈ ಕಚ್ಚಿ ಓಡಿಬಂದೋನು. ಸಾಯಾಕೆ ಮುಂಚೆ ಮಂತ್ರ ಹೇಳ್ದನಂತೆ! ಇದು ಯಾರೋ ಅಯ್ಯನೋರ ಮಗನ ಕತೆ. ನನ್ನ ಮಗ ಇದ್ರಾಗೆ ಎಲ್ಲಿ ಅದಾನೆ?" ಎಂದವಳು ಷಣ್ಮುಖಪ್ಪನವರ ಕಡೆ ತಿರುಗಿ, "ಅಲ್ಲಿ ಒಂದ್ಸಲ ಅವನ್ನ ಬಿಟ್ಟುಬಂದಿದ್ದಿ. ಇಲ್ಲೂ ಬಿಟ್ಯಲ್ಲಪ್ಪಾ" ಎಂದಳು.

ಷಣ್ಮುಖಪ್ಪನವರು ಹಸ್ತಪ್ರತಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ಕೋಟಿನ ಗುಂಡಿಯೊಂದನ್ನು ಹಾಕುತ್ತ ಬಿಚ್ಚುತ್ತ ನೆಲ ನೋಡಿ ಶುರುಮಾಡಿದರು.

"ಅಲ್ಲಿ ಒಂದು ಬೆಟ್ಟ ಇತ್ತು ದೊಡ್ಡಮ್ಮ. ನಂಗೆ ಹೋಲಿಕೆ ಹೊಳೀಲಿಲ್ಲ. ಮೈ ಕೆಂಡ ಆಗಿತ್ತು, ಆದ್ರೂ ಅವನೇ ಹೇಳ್ದ. ಹೆಂಗೈತೆ ಅಂದ್ರೆ, ನಮ್ಮವ್ವ ಸಗಣಿ ತಟ್ಟಿ ಒಟ್ಟಿದ ಕುಳ್ಳಿನ ಬಣವೆ ಹಂಗೈತೆ, ಎಡಕ್ಕೆ ವಾಲೈತೆ ನೋಡು ಅಂದ. ನಕ್ಕೊಂಡೇ ಹತ್ತಿದ. ಆ ಕಡೆ ಇಳಿಯೋವಾಗ ಬಿದಿರುಮೆಳೆ ನೆಳ್ಳಾಗೆ ಮಲಗಿದ. ಬಣವೆ ದಾಟಿದ್ವಲ್ಲ, ಇನ್ನು ಹಿತ್ಲ ಬಾಗ್ಲು ಬಂತು. ನೀ ಒಳಗೆ ನಡಿ, ನಾ ಕಾಲು ತೊಳ್ಕೊಂಡು ಬರ್ತೀನಿ ಅಂದ. ಅಷ್ಟೇ. ಆಮೇಲೆ ಏನೂ ಅನ್ಲಿಲ್ಲ."

ದುರುಗಮ್ಮ ನಿಂತೇ ಇದ್ದಳು. "ಹಂಗಾದ್ರೆ ಹಿತ್ಲ ತನಕ ಬಂದಿದ್ದ" ಎಂದಳು. ಕಂಬ ಹಿಡಿದು ಮೆಲ್ಲಗೆ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಆ ಮುಖದಲ್ಲಿ ಬೇರೊಂದು ಕಳೆ ಮೂಡಿತು.

"ಎಡಕ್ಕೆ ವಾಲಿತ್ತು ಅಂದ್ನಾ? ನಾನು ಒಟ್ಟಿದ ಕುಳ್ಳು ಎಂದಾದ್ರೂ ವಾಲೈತಾ, ಕೇಳ್ರಿ ಇವರ್ನೆಲ್ಲ! ವಾಲ್ತಿದ್ದುದು ನಿಮ್ಮವ್ವಂದು ಕಣೋ. ಅದನ್ನ ತಿದ್ದಿ ಬರಿ."

"ತಿದ್ದಾಕಾಗಲ್ಲ ದೊಡ್ಡಮ್ಮ. ಅವನು ಹೇಳಿದ್ದೇ ಹಂಗೆ."

"ಹೇಳ್ತಾನೆ ಹೇಳ್ತಾನೆ, ಅವ್ನು ಹುಟ್ಟಿದಾಗಿಂದ ನನ್ನ ಕೆಲಸಕ್ಕೆ ಕೊಂಕು ತೆಗೆಯೋನೇ" ಎಂದು ಆಕೆ ನಕ್ಕಳು. "ಹೂಂ, ನಡ್ಕೊಂಡು ಬಂದ್ರಲ್ಲ, ಮೊದ್ಲಿಂದ ಹೇಳು. ಆ ಅಯ್ಯನೋರಿಗೆ ಸ್ವಲ್ಪ ಮಜ್ಜಿಗೆ ಕೊಡ್ರವ್ವ, ಪಾಪ, ಅವರ ಗಂಟಲೂ ಒಣಗೈತೆ."

ಮೊದಲಿಂದ ಶುರುವಾಯಿತು. ಸೂಳೆಕೆರೆ ಎದ್ದು ಹೊರಟಿತು. ತೂಕಡಿಸುತ್ತಿದ್ದವರು ಎದ್ದು ಕುಳಿತರು. ಜಗಳೂರಿನ ಮೋಡಕ್ಕೆ ಗುಡಿಯ ಜಗಲಿಯೇ ನಕ್ಕಿತು. ಮಜ್ಜಿಗೆ ಕುಡಿದ ಪಂಡಿತರು ಕೊನೆಯಲ್ಲಿ ಎದ್ದು ನಿಂತು, ಉಪಮಾನವು ಕೇಳುವವರಿಗೆ ಪ್ರಸಿದ್ಧವಾಗಿರಬೇಕೆಂಬುದು ಶಾಸ್ತ್ರವೇ; ಈ ಸಭೆಯಲ್ಲಿ ಮೇರುವನ್ನು ಕಂಡವರಿಲ್ಲ, ಕುಳ್ಳಿನ ಬಣವೆಯನ್ನು ಕಾಣದವರಿಲ್ಲ; ತಾನು ಮೊದಲಿನಿಂದಲೂ ಇದನ್ನೇ ಪ್ರತಿಪಾದಿಸುತ್ತ ಬಂದಿರುವೆನೆಂದು ಸಾರಿದರು. ಯಾರೂ ಎದುರಾಡಲಿಲ್ಲ. ಮುನ್ನುಡಿಯಲ್ಲಿಯೂ ಹಾಗೆಯೇ ಅಚ್ಚಾಯಿತು.

ದೂರದೇಶ ನೋಡಿ ಬಂದವರಲ್ಲಿ ಒಂದು ಬಗೆಯವರು, ಹಿಂದಿರುಗಿದ ಮರುದಿನದಿಂದಲೇ ಊರಿನ ಹೊಳೆಯನ್ನು ಹಳ್ಳವೆಂದು, ಊರಿನ ಬೆಟ್ಟವನ್ನು ದಿಬ್ಬವೆಂದು ಅಳೆದು ಕುಗ್ಗಿಸುತ್ತ ಕೂರುತ್ತಾರೆ, ಅವರಿಗೆ ಸನ್ಮಾನಗಳಾಗುತ್ತವೆ. ಇನ್ನೊಂದು ಬಗೆಯವರು ಊರನ್ನೇ ಅಳತೆಗೋಲು ಮಾಡಿಕೊಂಡು ಹೊರಟು, ಕಂಡ ಲೋಕಕ್ಕೆಲ್ಲ ತಮ್ಮ ಹಿತ್ತಲಿನ ಹೆಸರಿಡುತ್ತ ಹೋಗುತ್ತಾರೆ. ಶಾಸ್ತ್ರ ಬಲ್ಲವರಿಗೆ ಅದು ನಗೆಯಾಗಿ ಕಂಡರೆ ತಪ್ಪಿಲ್ಲ. ಆದರೆ ಇಂಥವರು ಒಮ್ಮೆ ನಡೆದುಹೋದ ಮಣ್ಣು ಎಷ್ಟು ದೂರದ್ದಾದರೂ ಪೂರ್ತಿ ಪರದೇಶವಾಗಿ ಉಳಿಯುವುದಿಲ್ಲ. ಅಲ್ಲಿ ಮಲಗಿದವರನ್ನು ಅವರ ತಾಯಂದಿರು ಪರದೇಶಿ ಎಂದು ಅಳಬೇಕಾಗುವುದೂ ಇಲ್ಲ.