ಆರನೇ ಗಿಡದ ಹಲಗೆ

ಉಗುರಿಗೆ ಬಾರದ್ದು ಕುಡುಗೋಲಿನ ತುದಿಗೆ ಬಂತು. ಮಲ್ಲಾಜಮ್ಮ ಹೆಸರಿನ ಹಲಗೆಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ಇಂಗ್ಲಿಷಿನ ಎಸ್ ಅಕ್ಷರದ ನೆತ್ತಿಯ ಮೇಲೆ ಕೂತಿದ್ದ ಬಿಳಿ ಬಣ್ಣವನ್ನು ಮೆಲ್ಲಗೆ ಮೀಟಿದಳು. ಹಕ್ಕಿ ಕಾಲೂರಿ ಹೋದಂಥ ಪುಟ್ಟ ಗುರುತು. ಅದು ಸಿಪ್ಪೆಯಾಗಿ ಎದ್ದು ಅವಳ ಮಡಿಲಿಗೆ ಬಿತ್ತು. ಪಕ್ಕದ ಎ ಮೇಲೆ ಇನ್ನೊಂದಿತ್ತು, ಓರೆಯಾದ ಗೀರು.

"ಅದ್ಯಾಕಕ್ಕ ಅಂಗ್ ಕೆರೀತಿದ್ದೀಯೆ? ಬರ್ದಿರೋದು ಅಳಿಸ್ಕಂಡ್ರೆ ಏನ್ ಮಾಡೀಯೆ?" ನೀರಿನ ಕೊಡ ಇಳಿಸುತ್ತ ಪುಟ್ಟಿ ಕೇಳಿದಳು.

"ಬರ್ದಿರೋದಲ್ಲ ಕಣೆ, ತೊಟ್ಟಿಕ್ಕಿರೋದು. ಬ್ರಸ್ಸು ನಡುಗಿ ಬಿದ್ದದೆ. ನೋಡಿಲ್ಲಿ, ಈ ಎ ಮೇಲದೆ, ಆ ಎ ಮೇಲಿಲ್ಲ. ಅಕ್ಸರವೇ ಆಗಿದ್ರೆ ಎಲ್ಲಾ ಎ ಮೇಲೂ ಇರ್ಬೇಕಾಗಿತ್ತೋ ಇಲ್ವೋ?"

"ನಂಗೇನ್ ಗೊತ್ತು ತಾಯಿ. ನನ್ ಕಣ್ಗೆ ಎಲ್ಲಾ ಇರುವೆ ಸಾಲೇ."

"ಅದ್ಕೇ ಯೋಳಿದ್ದು, ಸಂಜೆ ಕ್ಲಾಸ್ಗೆ ಬಾ ಅಂತ. ನಿಂಗೆ ಧಾರಾವಾಹಿನೇ ದೊಡ್ಡದಾಗಿತ್ತು."

ಪುಟ್ಟಿ ನಕ್ಕು ಕೊಡದ ನೀರನ್ನು ಗಿಡಕ್ಕೆಂದು ತೋಡಿದ್ದ ಗುಂಡಿಗೆ ಬಗ್ಗಿಸಿದಳು. ಮಲ್ಲಾಜಮ್ಮ ಹಾಗೆ ಅಲ್ಲಲ್ಲಿದ್ದ ನಾಲ್ಕೂ ಗುರುತುಗಳನ್ನು ತೆಗೆದಳು. ಕೆರೆದ ಕಡೆ ಹಸಿರು ಬಣ್ಣವೂ ಎದ್ದು ಮರ ಕಂಡಿತು. ಪಕ್ಕದ ಹೊಂಗೆಯಿಂದ ಎಲೆ ಕಿತ್ತು ಅದರ ಹಸಿರನ್ನು ಅಲ್ಲಿಗೆ ತಿಕ್ಕಿದಳು. ದೂರ ನಿಂತು ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಬೀಚನಹಳ್ಳಿಯ ನಾಲೆ ಏರಿಯ ಮೇಲೆ ವರ್ಷಕ್ಕೊಮ್ಮೆ ದೊಡ್ಡ ಓಟ ನಡೆಯುತ್ತದೆ. ಹೊರದೇಶದಿಂದ ಬಂದ ಓಟಗಾರರು ಓಟಕ್ಕೆ ಒಂದು ವಾರ ಮುಂಚೆ ಏರಿಯ ಪಕ್ಕದಲ್ಲಿ ಒಂದೊಂದು ಗಿಡ ನೆಡಬೇಕು. ಗಿಡದ ಮುಂದೆ ಅವರ ಹೆಸರಿನ ಹಲಗೆ ಇರಬೇಕು. ಈ ಸಲ ಬರುವವರು ಆರು ಮಂದಿ. ಗುಂಡಿ ತೋಡಿ, ಸಸಿ ತಂದಿಟ್ಟು, ವರ್ಷವಿಡೀ ನೀರು ಹಾಕುವ ಕೂಲಿ ಮಲ್ಲಾಜಮ್ಮ ಮತ್ತು ಪುಟ್ಟಿಯದು. ಹಲಗೆಗಳ ಉಸ್ತುವಾರಿ ಮಾತ್ರ ಮಲ್ಲಾಜಮ್ಮನೊಬ್ಬಳದು, ಯಾಕೆಂದರೆ ಅವಳಿಗೆ ಓದು ಬರುತ್ತಿತ್ತು.

ಐವತ್ತಾರನೇ ವಯಸ್ಸಿನಲ್ಲಿ ಅಂಗನವಾಡಿಯ ಚಾಪೆಯ ಮೇಲೆ ಕೂತು ಅವಳು ಅಕ್ಷರ ತಿದ್ದಿದ್ದಳು. ತನ್ನ ಹೆಸರಿನ ಲಕಾರಕ್ಕೆ ಒತ್ತು ಕೊಡುವುದಕ್ಕೇ ಎರಡು ತಿಂಗಳು ಹಿಡಿದಿತ್ತು. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಮೊಮ್ಮಗಳ ಸ್ಲೇಟಿನಿಂದ ಕದ್ದು ಕಲಿತಳು. ಈಗ ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನಲ್ಲಿ ಬಸ್ಸು ಬಂದು ನಿಂತರೆ ಹೆಂಗಸರು ಬಸ್ಸಿನ ಕಡೆ ನೋಡುವುದಿಲ್ಲ, ಅವಳ ಕಡೆ ನೋಡುತ್ತಾರೆ. "ಯಾವ್ದು ಮಲ್ಲಾಜಕ್ಕ?" ಅವಳು ಸೆರಗು ಸರಿಮಾಡಿಕೊಂಡು, ಬೇಕೆಂದೇ ಸ್ವಲ್ಪ ತಡಮಾಡಿ, "ಹಾರನಹಳ್ಳಿ ಮ್ಯಾಲೆ ಪಿರಿಯಾಪಟ್ಣ" ಅನ್ನುತ್ತಾಳೆ.

ಓಟದ ಸಮಿತಿಯ ಕಾರ್ಯದರ್ಶಿ ಕಾಂತರಾಜು ಬೈಕಿನಲ್ಲಿ ಬಂದದ್ದು ಅವಳು ಹಲಗೆ ತಿಕ್ಕಿ ಮುಗಿಸುವಾಗಲೇ. ಗೊಬ್ಬರದ ಅಂಗಡಿಯ ಮಾಲೀಕ. ಓಟ ಹತ್ತಿರ ಬಂದಾಗ ಬಿಳಿ ಟೋಪಿ ಹಾಕಿಕೊಳ್ಳುತ್ತಿದ್ದ.

"ಎಲ್ಲಾ ಸರಿಯಾಗದಾ ಮಲ್ಲಾಜಮ್ಮ? ನಾಳೆ ಬೆಳಿಗ್ಗೆ ಎಂಟ್ಗೆ ಬತ್ತಾರೆ."

"ಐದ್ ಹಲಗೆ ಚೆಂದಾಗವೆ ಸಾ. ಈ ಆರನೇದ್ರಲ್ಲಿ ನಾಕ್ ಕಡೆ ತೊಟ್ಟಿಕ್ಸಿದ್ದ. ನಾನೇ ನೋಡಿ ಕೆರ್ದು ಒರ್ಸಿವ್ನಿ." ಹೇಳುವಾಗ ಅವಳ ದನಿಯಲ್ಲಿ ಮೇಷ್ಟ್ರ ಗತ್ತಿತ್ತು. "ಚಿಕ್ಕಮಾದನ ಕೈ ಮೊದ್ಲಿನಂಗಿಲ್ಲ ಬುಡಿ."

ಹಲಗೆ ಬರೆದವನು ಹ್ಯಾಂಡ್‌ಪೋಸ್ಟಿನ ಚಿಕ್ಕಮಾದಯ್ಯ. ಮೂವತ್ತು ವರ್ಷ ಅಂಗಡಿ ಬೋರ್ಡು, ಗೋಡೆ ಬರಹ, ಲಾರಿಯ ಹಿಂಬದಿ ಎಲ್ಲ ಬರೆದ ಕೈ. ಫ್ಲೆಕ್ಸು ಬಂದು ಕೆಲಸ ಕಮ್ಮಿಯಾಯಿತು; ಹೋದ ವರ್ಷ ಲಕ್ವ ಹೊಡೆದು ಎದ್ದ ಮೇಲೆ ಇದ್ದದ್ದೂ ಹೋಯಿತು. ಆರು ಹಲಗೆ ಬರೆಸಿ ನೋಡೋಣ, ಚೆನ್ನಾಗಿ ಬಂದರೆ ಏರಿಯುದ್ದಕ್ಕೂ ನಿಲ್ಲಿಸುವ, ಕಿಲೋಮೀಟರು ತೋರಿಸುವ ನಲವತ್ತು ಬೋರ್ಡೂ ಅವನಿಗೇ ಎಂದು ಸಮಿತಿ ಮಾತಾಡಿಕೊಂಡಿತ್ತು. ಇದು ಮಲ್ಲಾಜಮ್ಮನಿಗೂ ಗೊತ್ತಿತ್ತು.

ಕಾಂತರಾಜು ಹಲಗೆಯ ಹತ್ತಿರವೂ ಬರಲಿಲ್ಲ. "ನಾನ್ ಅವತ್ತೇ ಅಂದೆ" ಎಂದು ಬೈಕಿನ ಮೇಲೇ ಕೂತು ಫೋನು ಹಚ್ಚಿದ. "ಹಲೋ, ಆ ನಲವತ್ತೂ ಫ್ಲೆಕ್ಸೇ ಮಾಡ್ಬುಡಿ. ಉಂ, ಇವತ್ತೇ ಆಕಿ. ಪಾಪ ಅಂತ ಕೊಟ್ಟೆ, ಕೈ ನಡುಗ್ತದೆ ಅವನ್ಗೆ." ಫೋನು ಜೇಬಿಗಿಟ್ಟು, "ನೀವ್ ನೋಡ್ದೆ ಇದ್ದಿದ್ರೆ ನಾಳೆ ಪರದೇಸ್ದೋರ್ ಮುಂದೆ ಮಾನ ಓಗ್ತಿತ್ತು" ಅಂದ.

ನಲವತ್ತು ಬೋರ್ಡು ಎಂಬ ಮಾತು ಕಿವಿಗೆ ಬಿದ್ದಾಗ ಮಲ್ಲಾಜಮ್ಮನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ತಾನೇನು ಸುಳ್ಳು ಹೇಳಿದೆನೇ? ಕಣ್ಣಾರೆ ಕಂಡದ್ದನ್ನು ಹೇಳಿದ್ದು. 'ನೀವು' ಅಂದನಲ್ಲ ಕಾಂತರಾಜು, ಅದನ್ನೇ ನೆನೆಯುತ್ತ ಮನೆಗೆ ಹೋದಳು.

ಮರುದಿನ ಎಂಟಕ್ಕೆ ರೆಸಾರ್ಟಿನ ಎರಡು ಜೀಪು ಬಂದವು. ಇಳಿದವರಲ್ಲಿ ಆರನೆಯವಳು ತೆಳ್ಳಗೆ, ಎತ್ತರಕ್ಕೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಶಾರ್ಕ ಮಲೆಶೊವಾ ಎಂದು ಹೆಸರು. ಜೊತೆಗೆ ಬಂದಿದ್ದ ರೆಸಾರ್ಟಿನ ಗೈಡು ವಸಂತ್ ಬೀಚನಹಳ್ಳಿಯವನೇ. ಅವಳು ಉಳಿದವರಂತೆ ಮೊದಲು ಸಸಿಗೆ ಕೈ ಹಾಕಲಿಲ್ಲ. ನೇರ ಹಲಗೆಯ ಹತ್ತಿರ ಬಂದು ಬಗ್ಗಿದಳು. ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ಬೆರಳಿನಿಂದ ಮೊದಲ ಅಕ್ಷರದ ನೆತ್ತಿಯನ್ನು ಸವರಿದಳು, ಆಮೇಲೆ ಕೊನೆಯದರ ನೆತ್ತಿಯನ್ನು. ವಸಂತನಿಗೆ ಮೆಲ್ಲಗೆ ಏನೋ ಹೇಳಿದಳು.

ವಸಂತ್ ಬಗ್ಗಿ ನೋಡಿದ. "ಕಾಂತರಾಜಣ್ಣ, ಇದ್ರ ಮೇಲೆ ಗುರುತಿದ್ವಲ್ಲ, ಎಲ್ಲೋದ್ವು?"

"ಯಾವ ಗುರುತು?"

"ಇವ್ರ ಹೆಸರಿನ ಗುರುತು. ಮೊನ್ನೆ ನಾನೇ ಫೋಟೋ ಹೊಡ್ದು ಇವ್ರಿಗೆ ಕಳ್ಸಿವ್ನಿ." ಫೋನು ತೆಗೆದು ತೋರಿಸಿದ. ಹಸಿರು ಹಲಗೆ, ಬಿಳಿಯ ಅಕ್ಷರ, ಮೇಲೆ ಎರಡು ಹಕ್ಕಿಕಾಲು, ಎರಡು ಓರೆ ಗೀರು. ಒಂದೂ ತೊಟ್ಟಿಕ್ಕಿದಂತಿರಲಿಲ್ಲ, ನಾಲ್ಕೂ ಒಂದೇ ಅಳತೆಗೆ ಅಚ್ಚುಕಟ್ಟಾಗಿ ಕೂತಿದ್ದವು.

ಮಲ್ಲಾಜಮ್ಮ ಐದನೇ ಗಿಡದ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಳು. ಪುಟ್ಟಿ ತಲೆಯೆತ್ತಿ ಅವಳನ್ನು ನೋಡಿ, ತಟ್ಟನೆ ನೆಲ ನೋಡಿದಳು.

"ಅಯ್ಯೋ, ಇಂಗ್ಲಿಷ್ನಲ್ಲಿ ಅವೆಲ್ಲ ಎಲ್ಲವೆ ವಸಂತೂ?" ಕಾಂತರಾಜು ನಕ್ಕ. "ಟೀವಿಲಿ, ಪೇಪರ್ಲಿ ಯಾರಾಕ್ತಾರೆ? ಅವು ಇಲ್ದಿದ್ರೂ ಓದ್ಬೋದು."

"ಅದ್ನೇ ಅಣ್ಣ ಇವ್ರು ಯೋಳ್ತಿರೋದು. ಎಲ್ಲೂ ಆಕಲ್ವಂತೆ. ಎದೆಗ್ ಕಟ್ಕೊಳೋ ನಂಬರ್ ಚೀಟಿಲೂ ಇಲ್ಲ, ಗೆದ್ದಾಗ ಕೊಡೋ ಸರ್ಟಿಫಿಕೇಟಲ್ಲೂ ಇಲ್ಲ. ಬೇಕಾಗಿಲ್ಲ ಅಂತಾರಂತೆ. ನಮ್ಮಲ್ಲಿ ದೀರ್ಘ ಅದಲ್ಲ, ಇವ್ರ ಭಾಷೇಲಿ ಅಂಗೇ ಅದು. ತೆಗೆದ್ರೆ ಇವ್ರ ಹೆಸ್ರೇ ಅಲ್ಲ. ಚಿಕ್ಕಮಾದಯ್ಯನೋರು ನನ್ಗೆ ಫೋನ್ ಮಾಡಿ ಕೇಳಿದ್ರು, ಬುಟ್ಟು ಬರೀಲಾ, ಆಕಿ ಬರೀಲಾ ಅಂತ. ಇವ್ರು ಆಕಿದ್ರೆ ಸಂತೋಸ ಅಂದ್ರು. ಫೋಟೋ ನೋಡಿ ಅವ್ರಮ್ಮನ್ಗೂ ಕಳ್ಸಿದ್ರಂತೆ."

ಕಾಂತರಾಜು ಟೋಪಿ ತೆಗೆದು ಹಾಕಿಕೊಂಡ. ಮಲ್ಲಾಜಮ್ಮನ ಕಡೆ ಒಂದು ಕ್ಷಣ ನೋಡಿದ. ಅವಳು ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡಳು. ಈಗ ಹೇಳುತ್ತಾನೆ ಅಂದುಕೊಂಡಳು.

"ಆ ಪೇಂಟರ್ಗೆ ಹುಸಾರಿಲ್ಲ" ಅಂದ ಅವನು. "ಅವನೇ ಬಂದು ಏನೋ ತಿದ್ದಕ್ಕೋಗಿ ಅಳ್ಸಿರ್ಬೇಕು. ಕರೆಸ್ತೀನಿ ಅಂತ ಯೋಳು."

ಅವಳು ಬಾಯಿ ತೆರೆಯಬಹುದಿತ್ತು. ವಸಂತ್ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವಷ್ಟು ಹೊತ್ತು ಇತ್ತು. ಬಿಂದಿಗೆಯ ನೀರು ಹಿಮ್ಮಡಿಯ ಮೇಲೆ ಸುರಿಯುತ್ತಿದ್ದರೂ ನೆಟ್ಟಗೆ ನಿಂತೇ ಇದ್ದಳು. ಊರವರೆಲ್ಲ ಏರಿಯ ಮೇಲೆ ಸೇರಿದ್ದರು. ಬಸ್ಸಿನ ಬೋರ್ಡು ಕೇಳುವ ಹೆಂಗಸರೂ ಇದ್ದರು.

ಚಿಕ್ಕಮಾದಯ್ಯ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಹಳೆಯ ಮೊಪೆಡ್ಡು, ಹ್ಯಾಂಡಲಿಗೆ ಬಣ್ಣದ ಡಬ್ಬಿಯ ಚೀಲ. ಯಾಕೆ ಕರೆದರೆಂದು ಗೊತ್ತಿಲ್ಲದೆ, ನಲವತ್ತು ಬೋರ್ಡಿನ ಮಾತಿರಬಹುದೆಂದು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಎಲ್ಲರಿಗೂ ಕೈಮುಗಿದ.

"ಏನ್ ಮಾದಯ್ಯ ಇಂಗ್ ಮಾಡ್ಬುಟ್ಟೆ?" ಕಾಂತರಾಜು ಎಲ್ಲರಿಗೂ ಕೇಳುವಂತೆ ಅಂದ. "ಕೈ ನಡುಗಿ ಬಣ್ಣಗಿಣ್ಣ ಬೀಳ್ಸಿ, ಆಮೇಲ್ ಒರ್ಸಿದ್ಯಾ?"

ಚಿಕ್ಕಮಾದಯ್ಯ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ನೋಡಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. "ಬೀಳ್ಸಿದ್ದಲ್ಲ ಸಾ, ಬರ್ದಿದ್ದು" ಅಂದ. "ಪೇಪರ್ ಶೀಟಿನ ಮೇಲೆ ಎಲ್ಡು ದಿನ ತಿದ್ದಿ, ಬಲಗೈನ ಎಡಗೈಲಿ ಇಡ್ಕಂಡು ಬರ್ದೆ. ಇದು ಒರೆಸಿರೋದೂ ಅಲ್ಲ. ಕಬ್ಬಿಣ ಆಕಿ ಕೆರೆದವ್ರೆ."

"ಯಾರ್ ಕೆರೀತಾರಯ್ಯ? ಹೈಕಳು ಗಿಯ್ಕಳು..."

"ಹೈಕಳು ಕೆರೆದ್ರೆ ಎಲ್ಲಾ ಕೆರೀತವೆ ಸಾ. ಇದು ತಿಳ್ದೋರು ಕೆರೆದಿರೋದು. ಅಕ್ಸರ ಮುಟ್ಟಿಲ್ಲ."

ಯಾರೋ ಹಿಂದಿನಿಂದ, "ಲಕ್ವ ಒಡೆದೋನ್ಗೆ ಯಾಕಪ್ಪ ಬ್ರಸ್ಸು, ಮನೇಲಿ ಗಂಜಿ ಕುಡ್ಕಂಡ್ ಇರೋದ್ ಬುಟ್ಟು" ಅಂದರು. ಒಂದಿಬ್ಬರು ನಕ್ಕರು. ಚಿಕ್ಕಮಾದಯ್ಯ ತಿರುಗಿ ನೋಡಲಿಲ್ಲ. ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡ.

ಮಲ್ಲಾಜಮ್ಮ ಬಿಂದಿಗೆ ಕೆಳಗಿಟ್ಟಳು.

"ನಾನು ಕೆರ್ದಿದ್ದು."

ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ನಾನ್ ಕಣ್ರಪ್ಪ ಕೆರ್ದಿದ್ದು. ತೊಟ್ಟಿಕ್ಕದೆ ಅಂದ್ಕಂಡೆ. ಇಂಗ್ಲೀಸೆಲ್ಲಾ ಬತ್ತದೆ ಅಂದ್ಕಂಡಿದ್ದೆ." ಕಾಂತರಾಜುವಿನ ಕಡೆ ನೋಡಲಿಲ್ಲ. "ಅವ್ರ ಕೈ ನಡುಗ್ತದೆ ಅಂದಿದ್ದೂ ನಾನೇಯ."

ವಸಂತ್ ತಲೆ ಕೆರೆದುಕೊಂಡ.

"ಯೋಳಪ್ಪ ಅವ್ರಿಗೆ" ಅಂದಳು ಮಲ್ಲಾಜಮ್ಮ.

"ಬುಡಜ್ಜಿ, ಯಾಕೆ..."

"ಯೋಳು. ಅವ್ರಮ್ಮನ್ಗೂ ತಿಳೀಲಿ."

ವಸಂತ್ ಹೇಳಿದ. ಆ ಹೆಣ್ಣುಮಗಳು ಮಲ್ಲಾಜಮ್ಮನನ್ನು ನೋಡಿ, ತಲೆ ಒಂದಿಷ್ಟು ಬಗ್ಗಿಸಿ, ಒಂದು ಮಾತು ಹೇಳಿದಳು. ಪರವಾಗಿಲ್ಲ ಅಂತಾರೆ, ಎಂದ ವಸಂತ್. ಅದನ್ನು ಅವನು ಹೇಳದಿದ್ದರೂ ತಿಳಿಯುತ್ತಿತ್ತು. ಊರೂರಲ್ಲಿ, ಚೀಟಿ ಕೊಡುವವರಿಗೆ, ಹೆಸರು ಕೂಗುವವರಿಗೆ ಹೇಳಿ ಹೇಳಿ ಸವೆದುಹೋದ ಪರವಾಗಿಲ್ಲ. ಆಮೇಲೆ ಅವಳು ಸಸಿ ಎತ್ತಿಕೊಂಡು ಗುಂಡಿಗಿಟ್ಟು, ಮಣ್ಣು ಎಳೆದು, ಫೋಟೋಗೆ ನಿಂತಳು. ಫೋಟೋದವನು ಹಲಗೆ ಕಾಣದಂತೆ ಅದಕ್ಕೆ ಅಡ್ಡ ನಿಲ್ಲಲು ಹೇಳಿದಂತಿತ್ತು.

ಜೀಪುಗಳು ಹೋದ ಮೇಲೆ ಕಾಂತರಾಜು ಬೈಕಿನ ಹತ್ತಿರ ನಡೆದ. ಮಲ್ಲಾಜಮ್ಮ ಹಿಂದೆಯೇ ಹೋದಳು.

"ಆ ನಲವತ್ ಬೋರ್ಡು ಸಾ..."

"ಅವು ನಿನ್ನೆ ಮಧ್ಯಾಹ್ನಕ್ಕೇ ಅಚ್ಚಾಗೋದ್ವು. ಸಂಜೆಗೆ ಲಗೇಜ್ ಆಟೋಲಿ ಬತ್ತವೆ." ಕಿಕ್ಕರು ಒದ್ದ. "ಸುಮ್ನಿದ್ದಿದ್ರೆ ಮುಗ್ದೋಗ್ತಿತ್ತು. ನಿನ್ಗ್ಯಾಕ್ ಬೇಕಾಗಿತ್ತು?"

ನಿನ್ನೆಯ 'ನೀವು' ಇರಲಿಲ್ಲ. ಅದನ್ನು ಅವಳು ಗಮನಿಸಿದಳು. ಗಮನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ತಿರುಗಿ ಬಂದಾಗ ಕೆರೆದ ಜಾಗಕ್ಕೆ ಚಿಕ್ಕಮಾದಯ್ಯ ಹಸಿರು ಬಳಿದು, ಅದು ಆರಲೆಂದು ಕೂತಿದ್ದ. ಬೋರ್ಡಿನ ಮಾತು ಅವನ ಕಿವಿಗೂ ಬಿದ್ದಿತ್ತು. ಬರೆದುಕೊಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ನೋಡಬೇಕಾದವಳೂ ಹೋಗಿಯಾಗಿತ್ತು. ಮಲ್ಲಾಜಮ್ಮ ನಾಲ್ಕು ಮಾರು ದೂರದಲ್ಲಿ ನಿಂತಳು.

"ತಪ್ಪಾಯ್ತು ಮಾದಯ್ಯ."

ಅವನು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. "ಹಲಗೆ ನೋಡ್ಕಳೋಳು ಓದೋಳು ಅಂದ್ರು ಕಣವ್ವ. ಅದ್ಕೇ ನೆಮ್ಮದಿಯಾಗಿದ್ದೆ" ಅಂದ. ಬೈಗುಳದ ದನಿಯಾಗಿರಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಸಣ್ಣ ಬ್ರಷ್ಷನ್ನು ಬಿಳಿಯಲ್ಲಿ ಅದ್ದಿ, ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದ. ಉಸಿರು ಕಟ್ಟಿದ. ಮೊದಲ ಎಸ್ ಮೇಲೆ ಹಕ್ಕಿಕಾಲು ಕೂತಿತು. ನಿಂತು ಉಸಿರುಬಿಟ್ಟು, ಎ ಮೇಲೆ ಗೀರು ಎಳೆದ. ನಾಲ್ಕು ಗುರುತಿಗೆ ನಾಲ್ಕು ಸಲ ಉಸಿರು ಕಟ್ಟಿದ. ಮುಗಿದ ಮೇಲೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಚೀಲಕ್ಕೆ ಹಾಕಿದ. ಪುಟ್ಟಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡಲು ಹೋದಳು. "ಬ್ಯಾಡ ಕಣಕ್ಕ, ಬಿಸ್ಲು ಏರ್ತದೆ" ಎಂದು ಮೊಪೆಡ್ಡು ಹತ್ತಿದ. ಏರಿಯ ತಿರುವಿನಲ್ಲಿ ಅದರ ಸದ್ದು ಸಣ್ಣದಾಯಿತು.

"ಬಾಕ್ಕ, ನೀರಾಕನ" ಪುಟ್ಟಿ ಕರೆದಳು.

"ನಡೀ, ಬತ್ತೀನಿ."

ಬಣ್ಣ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಎಲ್ಲಿಂದಲೋ ಒಂದು ನೊಣ ಬಂದು ಹಲಗೆಯ ಅಂಚಿನಲ್ಲಿ ಕೂತು, ಕೊನೆಯ ಗೀರಿನ ಕಡೆಗೆ ಹರಿಯತೊಡಗಿತು. ಓಡಿಸಲು ಎತ್ತಿದ ಕೈಯನ್ನು ಮಲ್ಲಾಜಮ್ಮ ಅರ್ಧದಲ್ಲೇ ತಡೆದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಲಗೆಯಿಂದ ಒಂದು ಮೊಳ ದೂರದಲ್ಲೇ ಬಗ್ಗಿ, ಮೆಲ್ಲಗೆ ಬಾಯಿಂದ ಊದಿದಳು. ನೊಣ ಎದ್ದು ಸುತ್ತು ಹಾಕಿ ಮತ್ತೆ ಬಂತು. ಅವಳು ಮತ್ತೆ ಊದಿದಳು.