ಬಾಯಿ ತೆಗಿ, ನಾಲಿಗೆ ಎತ್ತು

ಮೈಕಿನ ಮುಂದೆ ನಿಂತವನು ಬಾಯಿ ಅಗಲಿಸಿದಾಗಲೆಲ್ಲ ಅವಳ ಕಣ್ಣು ಅವನ ನಾಲಿಗೆಯ ಕೆಳಗೇ ಹೋಗುತ್ತಿತ್ತು, ಇಪ್ಪತ್ತಾರು ವರ್ಷದ ಚಾಳಿ, ಬಿಡು ಅಂದರೆ ಬಿಡುವುದಿಲ್ಲ, ಏನೂ ಇಲ್ಲ ಅಲ್ಲಿ, ಹಿಂದಿನ ಎರಡು ದವಡೆ ಹಲ್ಲಿಗೆ ತಗಡು, ಅಷ್ಟೇ — ಜನಾರೋಗ್ಯ ಸೇವೆಯಲ್ಲಿ ಅಪ್ರತಿಮ ಸಾಧನೆ ಅನ್ನುತ್ತಿದ್ದಾನೆ, ಅಪ್ರತಿಮವಂತೆ, ಬೆಳಗ್ಗೆಯಿಂದ ಮೂರು ಜನಕ್ಕೆ ಅದೇ ಮಾತು ಬಳಿದಿದ್ದಾನೆ, ಕೊಳಾಯಿ ನೀರು ಶುದ್ಧ ಮಾಡಿಸಿದ ಎಂಜಿನಿಯರಿಗೆ, ದಿಕ್ಕಿಲ್ಲದವರ ಮನೆ ನಡೆಸುವ ಮುದುಕಿಗೆ, ಹೆರಿಗೆ ಡಾಕ್ಟರಿಗೆ, ಪ್ರಶಸ್ತಿಯ ಸಾಲಿನಲ್ಲಿ ನಾಲ್ಕನೆಯವಳು ತಾನು, ಕುರ್ಚಿಗೆ ಹೊಸ ಗವಸು ಹಾಕಿದ್ದಾರೆ, ಬೆನ್ನಿಗೆ ಏನೋ ಚುಚ್ಚುತ್ತಿದೆ, ಹೊಲಿದವರು ಗುಂಡುಸೂಜಿ ತೆಗೆಯುವುದು ಮರೆತಿದ್ದಾರೆ, ಅವಳ ತಂಗಿಯಾಗಿದ್ದರೆ ಮರೆಯುತ್ತಿರಲಿಲ್ಲ, ತಂಗಿ ಸೂಜಿಗಳನ್ನೆಲ್ಲ ತುಟಿಯಲ್ಲಿ ಕಚ್ಚಿಕೊಂಡು ಹೊಲಿಯುತ್ತಿದ್ದಳು, ಬಟ್ಟೆಗೆ ಚುಚ್ಚಿದ್ದು ಎಷ್ಟು, ತುಟಿಗೆ ವಾಪಸು ಬಂದದ್ದು ಎಷ್ಟು, ಲೆಕ್ಕ ತಪ್ಪಿದವಳಲ್ಲ — ಬೇಡ, ಈಗ ಅದು ಬೇಡ. ಎರಡನೇ ಸಾಲಿನಲ್ಲಿ ತಂಗಿಯ ಮಗಳು ಕೂತಿದ್ದಾಳೆ, ಹತ್ತೊಂಬತ್ತು ತುಂಬಿದ ಹುಡುಗಿ, ತಾಯಿಯದೇ ಹಣೆ, ಇಲ್ಲಿ ನೋಡು ದೊಡ್ಡಮ್ಮಾ ಅಂತ ಕೈ ಬೀಸುತ್ತಿದ್ದಾಳೆ, ಬೆಳಗ್ಗೆ ಇವಳ ತಲೆ ಬಾಚಿದ್ದು ಅವಳೇ, ನೆಟ್ಟಗೆ ಕೂತ್ಕೋ, ಇವತ್ತೊಂದು ದಿನ ಯಾರಿಗೂ ಬೈಬೇಡ, ಹೂಂ ಕಣೆ ಬೈಯಲ್ಲ, ಅಂದಿದ್ದಳು, ಮನಸ್ಸಿನಲ್ಲಿ ಬೇರೆಯೇ ಇತ್ತು, ಇವತ್ತು ಮೈಕ್ ಕೈಗೆ ಬಂದಾಗ ಹೇಳಿಬಿಡುತ್ತೇನೆ, ಮನೆಯಲ್ಲಿ ಆ ಹಣೆಯ ಎದುರು ಮೂರು ವರ್ಷದಿಂದ ಹೇಳಲಾಗದ್ದನ್ನು ಸಾವಿರ ಜನರ ಎದುರು ಹೇಳುತ್ತೇನೆ, ಸಾವಿರ ಜನರ ಎದುರು ಹೇಳಿದ ಮೇಲೆ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ.

ಗುಳಿಗೆಯಕ್ಕ ಎಂದೇ ಹೆಸರಾದ ಇವರು, ಅಂದ ಮೈಕಿನವನು, ಸಭೆ ನಕ್ಕಿತು, ನಗಲಿ, ಚಿಕಿತ್ಸಾಲಯದ ಮೂಲೆ ಕೋಣೆ, ಒಂದು ಮೇಜು, ಒಂದು ಹೂಜಿ, ಕಿಟಕಿಯಾಚೆ ಸಾಲು ನಿಂತ ಕ್ಷಯದ ರೋಗಿಗಳು, ಆರು ತಿಂಗಳು ದಿನಾ ಬರಬೇಕು, ಅವಳ ಕಣ್ಣೆದುರೇ ನುಂಗಬೇಕು, ಬಾಯಿ ತೆಗಿ, ನಾಲಿಗೆ ಎತ್ತು, ಆ ಕಡೆ ಕೆನ್ನೆ, ಈ ಕಡೆ ಕೆನ್ನೆ, ಆಮೇಲಷ್ಟೇ ಕಾರ್ಡಿನ ಮೇಲೆ ಗುರುತು, ಕೆಮ್ಮು ನಿಂತಿತು ಅಂತ ನಡುವೆ ಬಿಟ್ಟರೆ ರೋಗ ಹಲ್ಲು ಮಸೆದುಕೊಂಡು ವಾಪಸು ಬರುತ್ತದೆ, ಆಮೇಲೆ ಯಾವ ಗುಳಿಗೆಗೂ ಜಗ್ಗುವುದಿಲ್ಲ, ಇದನ್ನು ಅವಳು ಎಷ್ಟು ಸಲ ಗಂಟಲು ಹರಿದುಕೊಂಡು ಹೇಳಿದ್ದಾಳೋ, ಗುಳಿಗೆಯನ್ನು ಕೆನ್ನೆಯ ಸಂದಿಗೆ ದೂಡಿ ಸಾಧುವಿನ ಹಾಗೆ ನಿಂತ ಆ ಮೂಟೆ ಹೊರುವವನು, ಅಕ್ಕಾ, ನನ್ ಹೆಂಡ್ತಿ ಕೂಡ ಇಷ್ಟು ಹತ್ರದಿಂದ ನನ್ ಬಾಯಿ ನೋಡಿಲ್ಲ, ನೋಡಿದ್ರೆ ಎಂದೋ ಬಿಟ್ ಹೋಗ್ತಿದ್ಲು, ನುಂಗು, ಅವನು ನಗುತ್ತಲೇ ನುಂಗಿದ, ಬದುಕಿದ, ಅಗೋ ಹಿಂದಿನ ಸಾಲಿನಲ್ಲಿ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಾನೆ, ಬೈಸಿಕೊಂಡವರೆಲ್ಲ ಬದುಕಿದರು, ಇವಳ ಬಾಯಿಗೆ ಹೆದರಿ ಬದುಕಿದರು, ಬೈಸಿಕೊಳ್ಳದವಳು ಒಬ್ಬಳೇ, ಅದೇ ಕ್ಷಯ ಹಿಡಿದ ತಂಗಿ — ಅಕ್ಕಾ, ಆ ಕಿಟಕಿ ಹತ್ರ ನಾನು ಬರಲ್ಲ, ನಮ್ಮತ್ತೆಗೆ ಗೊತ್ತಾದ್ರೆ ಮಗಳ ಜೊತೆ ನನ್ನ ಹೊರಗೆ ಹಾಕ್ತಾರೆ, ನೀನೇ ಗುಳಿಗೆ ತಂದ್ಕೊಡು, ಬಟ್ಟೆ ಹೊಲಿಸೋಕೆ ಬಂದೋಳ ಹಾಗೆ ಬಾ. ಹೋದಳು, ದಿನಾ ಸಂಜೆ ಅರ್ಧ ಹೊಲಿದ ಒಂದೇ ರವಿಕೆ ಚೀಲದಲ್ಲಿಟ್ಟುಕೊಂಡು ಹೋದಳು, ಮೊದಲ ದಿನ ತಂಗಿಯ ಹೊಲಿಗೆ ಅಂಗಡಿಯ ಪರದೆ ಎಳೆದು, ಬಾಯಿ ತೆಗಿ ಅಂದಳು, ತಂಗಿ ತೆಗೆದಳು, ತೆಗೆದು ನಕ್ಕಳು, ಶಾಲೆಗೆ ಹೋಗುವಾಗ ಬಳಪ ತಿಂದು ಸಿಕ್ಕಿಬಿದ್ದಾಗಲೂ ಹೀಗೇ ನಗುತ್ತಿದ್ದಳು, ನಾಲಿಗೆಯೆಲ್ಲ ಬೆಳ್ಳಗೆ, ತಿಂದಿಲ್ಲ ಅಕ್ಕಾ, ಆಣೆಗೂ ತಿಂದಿಲ್ಲ — ಎರಡು ತಿಂಗಳು ಹೀಗೆ, ಕೆಮ್ಮು ನಿಂತಿತು, ಕೆನ್ನೆ ತುಂಬಿತು, ಆಮೇಲೊಂದು ಸಂಜೆ ಬಾಯಿ ತೆಗಿ ಅಂದರೆ ತಂಗಿ ತೆಗೆಯಲಿಲ್ಲ, ಅಕ್ಕಾ, ನೀನೂ ನನ್ನ ಬಾಯಿ ನೋಡ್ಬೇಕಾ, ನಾನೇನು ಕಳ್ಳಿಯಾ, ಅಂದಳು, ಕಣ್ಣಲ್ಲಿ ನೀರಿತ್ತು, ಇಷ್ಟು ಸಿಡುಕಿನ ಇವಳು, ದೊಡ್ಡ ಡಾಕ್ಟರಿಗೇ ಎದುರು ಮಾತಾಡಿದವಳು, ಅಷ್ಟಕ್ಕೆ ಮೆತ್ತಗಾಗಿ ಹೋದಳು, ಮರುದಿನದಿಂದ ತಂಗಿ ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ, ಮುಚ್ಚಿದ ತುಟಿಯ ನಡುವೆ ನಾಲ್ಕು ಗುಂಡುಸೂಜಿ, ಗಲ್ಲದಿಂದ ಮೇಜು ತೋರಿಸುತ್ತಿದ್ದಳು, ಅಲ್ಲಿಡು, ಇವಳು ಇಟ್ಟಳು, ಹೊರಗೆ ಬೀದಿದೀಪದ ಕೆಳಗೆ ನಿಂತು ಕಾರ್ಡು ತೆಗೆದು ಗುರುತು ಹಾಕಿದಳು, ನೋಡದೆ ಹಾಕಿದಳು, ನಾಲ್ಕು ತಿಂಗಳು.

ಮುನ್ನೂರ ಹನ್ನೆರಡು ರೋಗಿಗಳು, ಒಬ್ಬರೂ ನಡುವೆ ಬಿಟ್ಟವರಿಲ್ಲ, ಪ್ರತಿಯೊಂದು ಗುಳಿಗೆಯೂ ಇವರ ಕಣ್ಣೆದುರೇ ಇಳಿದಿದೆ, ಅಂತ ಓದುತ್ತಿದ್ದಾನೆ, ಆ ಮುನ್ನೂರ ಹನ್ನೆರಡರಲ್ಲಿ ತಂಗಿಯೂ ಇದ್ದಾಳೆ, ಗುಣವಾಗಿದೆ ಅಂತ ಇವಳದೇ ಅಕ್ಷರದಲ್ಲಿ ಇದ್ದಾಳೆ, ವರ್ಷ ತುಂಬುವುದರೊಳಗೆ ರಕ್ತ ಕಾರಿ ಸತ್ತದ್ದು ದೊಡ್ಡಾಸ್ಪತ್ರೆಯಲ್ಲಿ, ಅಲ್ಲಿಯ ಪುಸ್ತಕ ಬೇರೆ. ಆಮೇಲೆ ತಂಗಿಯ ಹೊಲಿಗೆ ಯಂತ್ರ ಮನೆಗೆ ಎತ್ತಿ ತರುವಾಗ ಅದರ ಖಾನೆಯಲ್ಲಿ ಗುಂಡಿಗಳ ಡಬ್ಬಿ, ಬಿಳಿ ಗುಂಡಿ, ಕಪ್ಪು ಗುಂಡಿ, ಅವುಗಳಡಿ ಕಂದುಗೆಂಪು ಗುಳಿಗೆಗಳು, ಥಂಡಿಗೆ ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು, ಹೊಟ್ಟೆ ತೊಳಸುತ್ತೆ ಅಕ್ಕಾ, ಉಚ್ಚೆಯೆಲ್ಲ ಕೆಂಪಗೆ ಹೋಗುತ್ತೆ, ಅತ್ತೆ ಕಂಡರೆ ಏನ್ ಹೇಳ್ಲಿ, ಅಂತ ಒಂದು ಸಲ ಅಂದಿದ್ದಳಲ್ಲ, ಅಂದಾಗ ಇವಳು ಏನಂದಳು, ಬೇಗ ಮುಗಿಯುತ್ತೆ ಬಿಡು ಅಂದಳು. ಹುಡುಗಿ ಕೇಳಿದ್ದಳು, ದೊಡ್ಡಮ್ಮಾ, ಅಮ್ಮ ಎಲ್ಲಾ ಗುಳಿಗೆ ತಗೊಂಡಿದ್ಲಾ, ಹೂಂ, ಮತ್ತೆ ಯಾಕೆ ಹೋದ್ಲು, ಕೆಲವರ ಮೈಗೆ ಔಷಧಿ ಹತ್ತಲ್ಲ ಮಗಾ, ಬಾಯಿಗೆ ಬಂದ ಸುಳ್ಳು ಅದು, ಅದನ್ನೇ ಹುಡುಗಿ ಗಂಟು ಹಾಕಿ ಇಟ್ಟುಕೊಂಡಿದ್ದಾಳೆ, ಹೋದ ತಿಂಗಳು ಮೈ ಕೆಂಡವಾಗಿತ್ತು, ಗುಳಿಗೆ ಕೊಟ್ಟರೆ ಗೋಡೆ ಕಡೆ ತಿರುಗಿದಳು, ನನ್ ಮೈಗೂ ಹತ್ತಲ್ಲ ದೊಡ್ಡಮ್ಮಾ, ಅಮ್ಮನ ಮೈಯೇ ಅಲ್ವಾ ಇದು. ಆ ಜ್ವರ ತಾನಾಗಿ ಇಳಿಯಿತು, ಮುಂದಿನದು ಇಳಿಯದಿದ್ದರೆ, ಅದಕ್ಕೇ ಇವತ್ತು, ಇವತ್ತೇ — ಕೈಗೆ ಗಾಜಿನ ಫಲಕ ಬಂತು, ತಣ್ಣಗಿದೆ, ಎರಡು ಮಾತಾಡಿ ಮೇಡಂ ಅಂತ ಮೈಕನ್ನು ಬಾಯಿಗೆ ಬಗ್ಗಿಸಿದರು, ನನ್ನ ತಂಗಿ ಗುಳಿಗೆ ನುಂಗಿದ್ದು ನಾನು ನೋಡಲಿಲ್ಲ, ಆರೇ ಪದ, ಬಸ್ಸಿನಲ್ಲಿ ಬರುವಾಗ ಉರು ಹೊಡೆದದ್ದು, ಹೇಳು, ಸಾವಿರ ಬಾಯಿ ಗದರಿಸಿ ತೆಗೆಸಿದವಳು, ಹೇಳು, ಎರಡನೇ ಸಾಲಿನಲ್ಲಿ ಹುಡುಗಿ ತಮಾಷೆಗೆ ತನ್ನ ಬಾಯಿ ಅಗಲಕ್ಕೆ ತೆಗೆದು ನಾಲಿಗೆ ಎತ್ತಿ ತೋರಿಸುತ್ತಿದ್ದಾಳೆ, ಬಾಯಿ ತೆಗಿ ದೊಡ್ಡಮ್ಮಾ, ಹೀಗೆ, ಆ ನಾಲಿಗೆಯ ಕೆಳಗೆ ಏನೂ ಇಲ್ಲ, ಕೆನ್ನೆಯಲ್ಲೂ ಇಲ್ಲ, ತಾಯಿಯ ಹಾಗೇ ನಗುತ್ತಿದ್ದಾಳೆ, ಇವಳ ತುಟಿ ಒಂದಕ್ಕೊಂದು ಅಂಟಿ ಕೂತಿದೆ, ಪಾಪ, ಮಾತೇ ಬರ್ತಿಲ್ಲ ಅವರಿಗೆ, ಅಂದರು ಯಾರೋ, ಚಪ್ಪಾಳೆ ಬಿತ್ತು, ಎಲ್ಲರಿಗಿಂತ ಜೋರಾಗಿ ಎರಡನೇ ಸಾಲಿನಿಂದ, ನಿಲ್ಲಿಸಿ, ಇನ್ನೂ ಹೇಳಿಲ್ಲ ನಾನು, ಅನ್ನುವುದು ಹಲ್ಲಿನ ಹಿಂದೆಯೇ ಉಳಿಯಿತು, ಹುಡುಗಿಯ ಕಣ್ಣು ತಪ್ಪಿಸಿ ಫಲಕ ನೋಡಿದಳು, ಗಾಜಿನಲ್ಲಿ ಒಂದು ಮುಖ, ಮುಚ್ಚಿದ ತುಟಿ, ತುಟಿಯ ನಡುವೆ ಸೂಜಿ, ನಾಲ್ಕು ಸೂಜಿ, ಅಲ್ಲಿಡು ಅಕ್ಕಾ, ಅಲ್ಲಿಡು, ತುಟಿ, ನಾಲ್ಕು ಸೂಜಿ