ಹೊತ್ತು ಮುಳುಗುವ ಮೊದಲಿನ ಊಟ

ಬಂಟ್ವಾಳದ ಬಸ್ಸು ಇನ್ನೂ ಬಂದಿರಲಿಲ್ಲ. ಕಮಲಾವತಿ ಮತ್ತೆ ಅಂಗಳಕ್ಕಿಳಿದು ಗದ್ದೆಯಾಚೆಯ ತೆಂಗಿನ ಮರಗಳತ್ತ ನೋಡಿದಳು. ಸೂರ್ಯ ಆಗಲೇ ಮರಗಳ ತಲೆಗೆ ಬಂದಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಕ್ರಮ ವೇಣೂರಿನ ಜೈನರ ಮನೆಗಳಲ್ಲಿ ಹೊಸತೇನಲ್ಲ. ಆದರೆ ಅವಳ ದೊಡ್ಡಮ್ಮ ಅನಂತಮತಿ ಅದನ್ನು ಪಾಲಿಸುವ ರೀತಿಯೇ ಬೇರೆ. ಅವರು ಅಂಗಳದಲ್ಲಿ ನಿಂತು "ಹೋಯಿತು" ಎಂದರೆ ಮುಗಿಯಿತು, ಬಾಯಿಯ ಹತ್ತಿರ ಬಂದ ತುತ್ತನ್ನೂ ಬಟ್ಟಲಿಗೇ ಹಾಕಬೇಕು. ಗಡಿಯಾರವನ್ನು ಅವರು ನಂಬುತ್ತಿರಲಿಲ್ಲ.

"ಬರ್ತಾರಾ ಅವರು?" ದೊಡ್ಡಮ್ಮ ಜಗಲಿಯಿಂದಲೇ ಕೇಳಿದರು.

"ಬರ್ತೇನೆ ಅಂತಲೇ ಹೇಳಿ ಕಳಿಸಿದ್ದಾರೆ."

ಬರಬೇಕಾಗಿದ್ದವನು ಅವಳ ಗಂಡ ಜಯರಾಜ. ಮಗಳು ಸುಲೋಚನೆಯನ್ನು ಕರೆದುಕೊಂಡು ಅವಳು ತವರಿಗೆ ಬಂದು ಎರಡು ವರ್ಷವಾಗಿತ್ತು. ಜಯರಾಜ ಕುಡಿಯುವವನಲ್ಲ, ಹೊಡೆಯುವವನಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ, ಅಷ್ಟೇ. ಒಮ್ಮೆ ಇಡೀ ಮಳೆಗಾಲ ಬಿಟ್ಟಿದ್ದ. ನೇತ್ರಾವತಿಯ ನೆರೆ ಬಂಟ್ವಾಳದ ಅವನ ಅಂಗಡಿಯ ಮೆಟ್ಟಿಲು ಮುಟ್ಟಿದಾಗಲೂ "ಸಾಮಾನು ಅಟ್ಟಕ್ಕೆ ಹಾಕಲು ಅಮ್ಮನಿಗೆ ಹೇಳು" ಎಂದು ಮಗಳ ಬಾಯಲ್ಲೇ ಹೇಳಿಸಿದ್ದ. ಇದೂ ಒಂದು ಕಾರಣವೇ ಎಂದು ಕೇಳಿದವರಿಗೆ ಕಮಲಾವತಿ ಉತ್ತರ ಕೊಡಲು ಹೋಗುತ್ತಿರಲಿಲ್ಲ. ಅಂಥ ಮನೆಯಲ್ಲಿ ಒಂದು ವಾರ ಇದ್ದು ನೋಡಿದವರಿಗೆ ಮಾತ್ರ ಅದು ತಿಳಿಯುವಂಥದ್ದು.

ಮದುವೆಯಿಂದ ಬಿಡುಗಡೆ ಅವಳಿಗೂ ಬೇಕಿತ್ತು. ಆದರೆ ಅವಳ ಸೋದರಮಾವ ವಿಮಲಕುಮಾರರು, ಈ ಮನೆಯ ಯಜಮಾನರು, ಅದನ್ನು ಕೋರ್ಟಿನಲ್ಲಿ ಗೆದ್ದೇ ತರುತ್ತೇನೆಂದು ಹಟ ಹಿಡಿದಿದ್ದರು. ಸೋಮವಾರ ಮಂಗಳೂರಿನಲ್ಲಿ ದಾವೆ ಹಾಕುವುದೆಂದು ಗೊತ್ತುಮಾಡಿ, ಇವತ್ತು ವಕೀಲರನ್ನು ಕಾಣಲು ಮೂಡುಬಿದಿರೆಗೆ ಹೋಗಿದ್ದರು. ಅದಕ್ಕೂ ಅವಳು ಸುಮ್ಮನಿರುತ್ತಿದ್ದಳೋ ಏನೋ. ಮೊನ್ನೆ ಅವರು ಜಗಲಿಯಲ್ಲಿ ಸುಲೋಚನೆಯನ್ನು ಎದುರು ನಿಲ್ಲಿಸಿಕೊಂಡು, "ಅಪ್ಪ ಹೊಡೀತಿದ್ದನಾ?" ಎಂದು ಕೇಳಿದ್ದರು. "ಇಲ್ಲ" ಎಂದಿತು ಮಗು. "ಇಲ್ಲ ಅಲ್ಲ ಮಗಾ, ಹೌದು ಅನ್ನಬೇಕು. ಎಲ್ಲಿ, ಮತ್ತೊಮ್ಮೆ ಹೇಳು." ಅಂದಿನಿಂದ ಕಮಲಾವತಿಗೆ ಅನ್ನ ಸೇರುತ್ತಿರಲಿಲ್ಲ. ಬಳೆ ಮಾರುವ ಐಸಮ್ಮನ ಕೈಯಲ್ಲಿ ಬಂಟ್ವಾಳಕ್ಕೆ ಹೇಳಿ ಕಳಿಸಿದ್ದಳು. ಮಾವ ಸಂಜೆಯ ಬಸ್ಸಿನಲ್ಲಿ ಮರಳುವುದರೊಳಗೆ ಎಲ್ಲ ಮುಗಿಯಬೇಕಿತ್ತು.

ಕೊನೆಗೂ ಜಯರಾಜ ಬಂದ. ಗುರುವಾಯನಕೆರೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಸುಲೋಚನೆ ಓಡಿಹೋಗಿ ಅವನ ಕೊಡೆಯನ್ನು ಕಸಿದುಕೊಂಡಳು. ಅವನು ಒಳಗೆ ಬರದೆ ಜಗಲಿಯ ತುದಿಯಲ್ಲೇ ಕೂತ.

"ಮೊದಲು ಉಣ್ಣುವ. ಮಾತು ಮತ್ತೆ," ಎಂದರು ದೊಡ್ಡಮ್ಮ.

"ಬೇಡ ದೊಡ್ಡಮ್ಮ. ತೀರ್ಮಾನ ಆಗದೆ ಇಲ್ಲಿ ಉಣ್ಣುವುದಿಲ್ಲ. ಉಂಡರೆ ನಾಳೆ ವಿಮಲಕುಮಾರರು, ನಮ್ಮಲ್ಲಿ ಉಂಡು ಎಲ್ಲದಕ್ಕೂ ಒಪ್ಪಿ ಹೋದ ಅಂತ ಊರಿಡೀ ಹೇಳ್ತಾರೆ."

"ಹಾಗಾದ್ರೆ ನನಗೂ ಬೇಡ," ಎಂದಳು ಸುಲೋಚನೆ. ಹಟದಲ್ಲಿ ಅವಳು ಅಪ್ಪನದೇ ಅಚ್ಚು.

ದೊಡ್ಡಮ್ಮ ಸೂರ್ಯನನ್ನೊಮ್ಮೆ ನೋಡಿ, ಬಟ್ಟಲು ಇಡುವ ನೆಪದಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಹೋದರು.

"ನಾನೂ ವಕೀಲರ ಹತ್ತಿರ ಹೋಗಿದ್ದೆ," ಎಂದ ಜಯರಾಜ. "ನಮ್ಮ ಅಳಿಯಕಟ್ಟಿನ ಕ್ರಮದಲ್ಲಿ ಮಗು ತಾಯಿ ಮನೆಯದ್ದು. ನನಗೆ ಕೋರ್ಟು ಬಿಟ್ಟರೆ ಬೇರೆ ದಾರಿ ಇಲ್ಲ ಅಂದರು."

"ಕೋರ್ಟಿಗೆ ಹೋದರೆ ನೀವು ಹೊಡೀತಿದ್ದಿರಿ ಅಂತ ಅವಳ ಬಾಯಲ್ಲಿ ಹೇಳಿಸ್ತಾರೆ. ಈಗಲೇ ಕಲಿಸ್ತಾ ಇದ್ದಾರೆ."

"ನಾನು ಹೊಡೆದಿದ್ದೇನಾ?"

"ಇಲ್ಲ. ಅದಕ್ಕೇ ಕರೆದದ್ದು."

ಜಯರಾಜ ತಲೆ ತಗ್ಗಿಸಿದ. ಮತ್ತೆ ಮಾತಿಲ್ಲ. ಜಗಲಿಯ ಕಂಬದ ನೆರಳು ಅವನ ಕಾಲು ದಾಟಿ ಗೋಡೆ ಹತ್ತಿತು. ಕಮಲಾವತಿಗೆ ಆ ಮಳೆಗಾಲವೇ ತಿರುಗಿ ಬಂದಂತಾಯಿತು. ಇವನು ಹೀಗೇ ಕೂತರೆ ಹೊತ್ತು ಹೋಗುತ್ತದೆ, ಮಗು ಉಪವಾಸ ಮಲಗುತ್ತದೆ, ಮಾವ ಬರುತ್ತಾರೆ, ಸೋಮವಾರವೂ ಬರುತ್ತದೆ.

"ಹೇಳಿ," ಎಂದಳು. "ಇವತ್ತೊಂದು ದಿನ ಬಾಯಿ ಬಿಟ್ಟು ಹೇಳಿ. ನಿಮಗೆ ಏನು ಬೇಕು?"

ತಲೆ ಎತ್ತದೆಯೇ ಅವನು ಹೇಳಿದ: "ಶಾಲೆಯ ರಜೆಗೆ ಅವಳು ನನ್ನ ಹತ್ತಿರ ಬರಬೇಕು."

"ಬರ್ತಾಳೆ. ನಾನೇ ಬಸ್ಸು ಹತ್ತಿಸ್ತೇನೆ."

"ನಿನ್ನ ಮಾವ ಬಿಡಬೇಕಲ್ಲ?"

"ಮಾವನಿಗೆ ನಾನು ಹೇಳ್ತೇನೆ."

ಮಾವನ ಎದುರು ಕೂತು ಕೂಡ ಗೊತ್ತಿಲ್ಲದವಳು ಹೀಗೆಂದಾಗ ಜಯರಾಜ ತಲೆಯೆತ್ತಿ ನೋಡಿದ.

"ಮತ್ತೆ ನಮ್ಮದು?"

"ಇಬ್ಬರೂ ಒಟ್ಟಿಗೆ ರಿಜಿಸ್ಟ್ರಾರರ ಕಚೇರಿಗೆ ಹೋಗಿ ಬಿಡುಗಡೆ ಬರೆದುಕೊಡುವ. ಅಳಿಯಕಟ್ಟಿನಲ್ಲಿ ಅಷ್ಟು ಸಾಕಂತೆ, ಕೋರ್ಟು ಬೇಡ. ಇಂಥವರದ್ದು ತಪ್ಪು ಅಂತ ಬರೆಯುವುದು ಬೇಡ."

"ಬರೆಯುವ," ಎಂದ ಜಯರಾಜ. ಎದ್ದು ಕಾಲು ತೊಳೆಯಲು ಹೋದ.

ಒಳಗೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ತುಪ್ಪ ಎಲ್ಲವನ್ನೂ ದೊಡ್ಡಮ್ಮ ಆಗಲೇ ಬಡಿಸಿಟ್ಟಿದ್ದರು. "ನೀನೂ ಕೂತುಕೋ," ಎಂದರು ಕಮಲಾವತಿಗೆ. "ಮತ್ತೆ ಉಣ್ಣುತ್ತೇನೆ ಅಂದರೆ ಹೊತ್ತು ಎಲ್ಲುಂಟು?" ತಾವು ಎಂದಿನಂತೆ ಅಂಗಳದ ಬಾಗಿಲಲ್ಲಿ, ಪಡುವಣಕ್ಕೆ ಮುಖ ಮಾಡಿ ನಿಂತರು. ಮದುವೆಯ ದಿನ ಬಿಟ್ಟರೆ ಗಂಡನ ಜೊತೆ ಒಂದೇ ಪಂಕ್ತಿಯಲ್ಲಿ ಕಮಲಾವತಿ ಉಂಡದ್ದಿಲ್ಲ. ಈಗ ನಡುವೆ ಸುಲೋಚನೆ ಕೂತು, ಶಾಲೆಯ ಸುದ್ದಿಯನ್ನೆಲ್ಲ ಅಪ್ಪನಿಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು.

ಎರಡನೆಯ ತುತ್ತಿಗೆ ಕಮಲಾವತಿಯ ಕೈ ನಿಂತಿತು. ಕಿಟಕಿಯ ಸರಳುಗಳ ಆಚೆ, ತೆಂಗಿನ ಮರಗಳ ನಡುವೆ ಏನೂ ಇರಲಿಲ್ಲ. ಸೂರ್ಯ ಇಳಿದಾಗಿತ್ತು. ಪಕ್ಕಕ್ಕೆ ತಿರುಗಿದಳು. ಜಯರಾಜನ ಕೈಯೂ ಬಟ್ಟಲ ಮೇಲೆ ನಿಂತಿತ್ತು. ಅವನೂ ಆ ಕಿಟಕಿಯನ್ನೇ ನೋಡುತ್ತಿದ್ದ.

"ದೊಡ್ಡಮ್ಮ," ಎಂದಳು ಮೆಲ್ಲಗೆ. "ಹೊತ್ತು..."

"ಇನ್ನೂ ಉಂಟು. ಉಣ್ಣಿ," ಎಂದರು ಅವರು, ತಿರುಗಿ ನೋಡದೆ.

ರಸ್ತೆಯಲ್ಲಿ ಮೂಡುಬಿದಿರೆ ಬಸ್ಸಿನ ಹಾರನ್ ಕೇಳಿಸಿತು. ಮಾವ ಬಂದರೆಂದು ಕಮಲಾವತಿಗೆ ತಿಳಿಯಿತು. ಆದರೂ ಅವಳು ಏಳಲಿಲ್ಲ. ತುಪ್ಪದ ಗಿಂಡಿಯನ್ನು ಜಯರಾಜನ ಕಡೆಗೆ ಸರಿಸಿದಳು. ಅವನು ಮೊದಲು ಮಗಳಿಗೆ ಬಡಿಸಿ, ಮತ್ತೆ ತಾನು ಹಾಕಿಕೊಂಡು ಅನ್ನ ಕಲಸಿದ. ಇಬ್ಬರೂ ಮತ್ತೆ ಕಿಟಕಿಯ ಕಡೆ ನೋಡಲಿಲ್ಲ.

"ನಿಧಾನ ಉಣ್ಣು ಮಗಾ," ಬಾಗಿಲಿನಿಂದ ದೊಡ್ಡಮ್ಮನ ಧ್ವನಿ ಬಂತು. "ಇನ್ನೂ ಬೇಕಾದಷ್ಟು ಉಂಟು."

ದೊಡ್ಡಮ್ಮನ ಊಟದ ಬಟ್ಟಲು ಮಾತ್ರ, ತೊಳೆದು ಗೋಡೆಗೆ ಒರಗಿಸಿದಲ್ಲೇ ಇತ್ತು.